ಕಲ್ಲು ನೆಟ್ಟಾಯಿತು, ಪಹಣಿಗೆ ಏರಲಿಲ್ಲ

ಆಷಾಢದ ಮಳೆ ಹಿಡಿಯಿತೆಂದರೆ ಅಂಕೋಲೆ ಕಡೆಯ ಹಟ್ಟಿಕೇರಿಯಲ್ಲಿ ಹೊರಗಿನ ಕೆಲಸ ನಿಂತಂತೆಯೇ. ಹೆಂಚಿನ ಮೇಲೆ ಒಂದೇ ಸಮನೆ ಸುರಿಯುವ ಸದ್ದು, ಆಚೆ ಹೆದ್ದಾರಿಯಲ್ಲಿ ಟೋಲ್ ಗೇಟಿಗೆ ಬಂದು ವೇಗ ತಗ್ಗಿಸುವ ಲಾರಿಗಳ ಸದ್ದು. ಇಂಥ ಮಧ್ಯಾಹ್ನ ಈ ಸೀಮೆಯ ಯಾವುದೇ ಮನೆಯ ಜಗುಲಿಯಲ್ಲಿ ನಡೆಯಬಹುದಾದ ಪ್ರಸಂಗವೊಂದಿದೆ. ಬೆಂಗಳೂರಿನಿಂದ ರಜೆಗೆ ಬಂದ ಮಗಳು ಅಪ್ಪನ ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಾಳೆ. ಏಳೆಂಟು ವರ್ಷದ ಹಿಂದೆ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಟ್ಟವಳೂ ಅವಳೇ. ಮದುವೆಯ ಫೋಟೊ, ಬಂಡಿ ಹಬ್ಬದ ವಿಡಿಯೊ, ಜಮೀನಿನ ಕಾಗದಗಳ ಸ್ಕ್ಯಾನ್ ಎಲ್ಲ ಸೇರಿ ಜಾಗ ಭರ್ತಿಯಾಗಿದೆ. ಡಿಸ್ಕಿನ ಕೊನೆಯಲ್ಲಿ ಮಾತ್ರ ಯಾವ ಪಾಲಿಗೂ ಸೇರದ 100 ಜಿಬಿ ಬೀಳು ಬಿದ್ದಿದೆ.

ಅದನ್ನು ಫೋಟೊಗಳಿರುವ ಪಾರ್ಟಿಶನ್ನಿಗೆ ಸೇರಿಸಿ, ಹೊಸ ಗಡಿ ಬರೆದು, ಎಂಟರ್ ಒತ್ತುತ್ತಾಳೆ. ಬರೆದದ್ದಾಯಿತು ಎಂಬ ಸಾಲು ಮೂಡುತ್ತದೆ. ಅದರ ಬೆನ್ನಿಗೇ ಇನ್ನೊಂದು: ಸಾಧನ ಬಳಕೆಯಲ್ಲಿದೆ, ಕರ್ನಲ್ ಇನ್ನೂ ಹಳೆಯ ಕೋಷ್ಟಕವನ್ನೇ ನೋಡುತ್ತಿದೆ.

"ಆಯ್ತಾ, ಇಲ್ವಾ?" ಅಪ್ಪನ ಪ್ರಶ್ನೆ.

"ಆಯ್ತು. ಆದ್ರೆ ಅದಕ್ಕಿನ್ನೂ ಗೊತ್ತಾಗಿಲ್ಲ."

ನೆಲ ಬೇರೆ, ಪುಸ್ತಕ ಬೇರೆ

ಕಂಪ್ಯೂಟರ್ ತಿಳಿಯದವರಿಗೂ ಕಾರವಾರ, ಅಂಕೋಲೆಯ ಕಡೆ ಈ ಉತ್ತರ ಸಲೀಸಾಗಿ ಅರ್ಥವಾಗುತ್ತದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆ, 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದುಕೊಂಡ ಕೊಂಕಣ ರೈಲ್ವೆ, ಈಚಿನ ಚತುಷ್ಪಥ ಹೆದ್ದಾರಿ: ನಲವತ್ತು ವರ್ಷದಲ್ಲಿ ಈ ಕರಾವಳಿಯ ನೆಲವನ್ನು ಮತ್ತೆ ಮತ್ತೆ ಅಳೆದಿದ್ದಾರೆ, ಕತ್ತರಿಸಿದ್ದಾರೆ. ಒಂದಿದ್ದ ಸರ್ವೆ ನಂಬರು ಎರಡಾಯಿತು, ಎರಡಿದ್ದದ್ದು ನಾಲ್ಕು ಹಿಸ್ಸೆಯಾಯಿತು. ಪೋಡಿ, ದುರಸ್ತಿ, ಹಿಸ್ಸಾ ನಕ್ಷೆ ಎಂಬ ಮಾತುಗಳು ಇಲ್ಲಿನ ಅಡುಗೆಮನೆಯಲ್ಲೂ ಕೇಳಿಬರುತ್ತವೆ.

ಸರ್ವೆಯರ್ ಬಂದು ಅಳೆದು ಕಲ್ಲು ನೆಟ್ಟು ಹೋಗುವುದು ಒಂದು ದಿನದ ಕೆಲಸ. ಪಹಣಿಯಲ್ಲಿ ಅದು ಕಾಣಿಸಿಕೊಳ್ಳುವುದು ಇನ್ನೊಂದು ದಿನ. ಪೋಡಿಯಾಗಬೇಕು, ಮ್ಯುಟೇಶನ್ ನಮೂದಾಗಬೇಕು, ಆಕ್ಷೇಪಣೆಗೆಂದು ಇಟ್ಟ ಅವಧಿ ಕಳೆಯಬೇಕು. ಅಲ್ಲಿಯವರೆಗೆ ಬ್ಯಾಂಕಿಗೂ ಸೊಸೈಟಿಗೂ ಹಳೆಯ ಗಡಿಯೇ ಸತ್ಯ. ನೆಲ ಬದಲಾಗಿದೆ, ಪುಸ್ತಕ ಬದಲಾಗಿಲ್ಲ.

ಈ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಹರಡಿಕೊಂಡಿದ್ದ ಕಾಲವೊಂದಿತ್ತು. ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಏರಿಸಿ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸಾರಿತು. ಒಂದೇ ಜಮೀನಿಗೆ ಎರಡು ಪುಸ್ತಕಗಳಿದ್ದು ಅವೆರಡೂ ಬೇರೆ ಬೇರೆ ಮಾತಾಡಿದರೆ ಆಗುವ ಅನಾಹುತ ಎಷ್ಟೆಂದು ಕಂದಾಯ ಇಲಾಖೆಗೆ ಗೊತ್ತಿತ್ತು.

ಡಿಸ್ಕಿನ ಪಾರ್ಟಿಶನ್ನಿನಲ್ಲಿಯೂ ಎರಡು ಪುಸ್ತಕಗಳಿವೆ. ಒಂದು ಡಿಸ್ಕಿನ ಮೇಲೆ, ಇನ್ನೊಂದು ಕಂಪ್ಯೂಟರಿನ ನೆನಪಿನಲ್ಲಿ. ಜಗುಲಿಯ ಮೇಲೆ ನಡೆದದ್ದು ಇವೆರಡರ ನಡುವಿನ ತಕರಾರು.

64 ಬೈಟಿನ ಪಹಣಿ

ಮೊದಲು ಡಿಸ್ಕಿನ ಮೇಲಿನ ಪುಸ್ತಕ. 1983ರಲ್ಲಿ ಐಬಿಎಂ ಕಂಪನಿ 10 ಎಂಬಿ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ತಂದಾಗ, ಅದರ ಜೊತೆ ಬಂದ ಡಾಸ್ 2.0 ಡಿಸ್ಕನ್ನು ಪಾಲು ಮಾಡುವ ಒಂದು ಕ್ರಮ ಹಾಕಿಕೊಟ್ಟಿತು. ಡಿಸ್ಕಿನ ಎಲ್ಲಕ್ಕಿಂತ ಮೊದಲ ತುಂಡು, ಅಂದರೆ ಮೊದಲ ಸೆಕ್ಟರ್, 512 ಬೈಟಿನದು. ಅದರ 446 ಬೈಟ್ ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, ಕೊನೆಯ 2 ಬೈಟ್ ಸಹಿಗೆ. ನಡುವೆ ಉಳಿದ 64 ಬೈಟಿನಲ್ಲಿ ಇಡೀ ಡಿಸ್ಕಿನ ಪಾಲುಪಟ್ಟಿ ಅಡಗಬೇಕು.

64 ಬೈಟ್ ಎಂದರೆ ಎಷ್ಟು? ಇಂದಿನ ಫೋನುಗಳು ಬಳಸುವ ಯೂನಿಕೋಡ್ ಪದ್ಧತಿಯಲ್ಲಿ 'ಹಟ್ಟಿಕೇರಿ' ಎಂದು ಒಮ್ಮೆ ಬರೆಯಲು 27 ಬೈಟ್ ಬೇಕು. ಎರಡು ಸಲ ಬರೆಯಬಹುದು, ಮೂರನೆಯದಕ್ಕೆ ಜಾಗ ಸಾಲದು. ಅಷ್ಟರಲ್ಲೇ ನಾಲ್ಕು ಪಾಲುಗಳ ವಿವರ, ಪಾಲೊಂದಕ್ಕೆ 16 ಬೈಟ್. ಎಲ್ಲಿಂದ ಶುರು, ಎಷ್ಟು ಉದ್ದ, ಇಲ್ಲಿಂದ ಕಂಪ್ಯೂಟರ್ ಎಬ್ಬಿಸಬಹುದೇ, ಯಾವ ಬಗೆಯ ಪಾಲು. ಪಹಣಿಯಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂದು ನಮೂದಿಸುವ ಹಾಗೆ ಇಲ್ಲಿ ಬಗೆಗೊಂದು ಸಂಕೇತ: ವಿಂಡೋಸಿನ ಎನ್‌ಟಿಎಫ್‌ಎಸ್ ಪಾಲಿಗೆ 07, ಲಿನಕ್ಸ್ ಪಾಲಿಗೆ 83.

ಹತ್ತು ಎಂಬಿ ಡಿಸ್ಕಿಗೆ ಇದು ಬೇಕಾದಷ್ಟಾಯಿತು. ಆದರೆ ಡಿಸ್ಕುಗಳು ಬೆಳೆದವು. ಸೆಕ್ಟರಿನ ಸಂಖ್ಯೆ ಬರೆಯಲು ಈ ಪಟ್ಟಿಯಲ್ಲಿರುವುದು 32 ಬಿಟ್ ಜಾಗ. ಅದರಲ್ಲಿ ಎಣಿಸಬಹುದಾದದ್ದು 429 ಕೋಟಿ ಚಿಲ್ಲರೆ ಸೆಕ್ಟರ್. 512ರಿಂದ ಗುಣಿಸಿದರೆ ಸುಮಾರು 2.2 ಟಿಬಿ. ನಾಲ್ಕು ಟಿಬಿ ಡಿಸ್ಕ್ ಕೊಂಡು ತಂದು ಹಳೆಯ ಕ್ರಮದಲ್ಲಿ ಪಾಲು ಮಾಡಿದವರಿಗೆ ಅರ್ಧ ಡಿಸ್ಕ್ ಕಾಣದೇ ಹೋಗುವುದು ಇದಕ್ಕೇ. ಅಂಗಡಿಯವನು ಮೋಸ ಮಾಡಿರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಜಿಪಿಟಿ. ಮಾತಾಡುವ ಚಾಟ್‌ಜಿಪಿಟಿಗೂ ಇದಕ್ಕೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ಇದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗವಿದೆ, ಪ್ರತಿ ಪಾಲಿಗೂ ಜಗತ್ತಿನಲ್ಲಿ ಇನ್ನೊಂದಿರದಂಥ ಗುರುತಿನ ಸಂಖ್ಯೆಯಿದೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಿಯ ಒಂದು ಪ್ರತಿ ಡಿಸ್ಕಿನ ತಲೆಯಲ್ಲಿದ್ದರೆ ಇನ್ನೊಂದು ಬಾಲದಲ್ಲಿರುತ್ತದೆ. ಜೊತೆಗೆ ಲೆಕ್ಕ ತಾಳೆ ನೋಡುವ ಮೊತ್ತವೂ ಇರುವುದರಿಂದ ಯಾವ ಪ್ರತಿ ಕೆಟ್ಟಿದೆ ಎಂದು ತಿಳಿಯುತ್ತದೆ. ಹಳೆಯ ಕ್ರಮದಲ್ಲಿ ಆ ಒಂದು ಸೆಕ್ಟರ್ ಹೋಯಿತೆಂದರೆ ಇಡೀ ಮನೆಯ ಕಾಗದ ಹೋದಂತೆ.

ನೆನಪಿನಲ್ಲಿಟ್ಟ ನಕಲು

ಇನ್ನು ಎರಡನೆಯ ಪುಸ್ತಕ. ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಂತ್ರ ಆನ್ ಆಗಿ ಡಿಸ್ಕ್ ಕಣ್ಣಿಗೆ ಬಿದ್ದೊಡನೆ ಕರ್ನಲ್ ಅದರ ಪಾಲುಪಟ್ಟಿಯನ್ನು ಓದಿ ತನ್ನ ನೆನಪಿನಲ್ಲಿ ಒಂದು ನಕಲು ಮಾಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಲ್ಲ ವ್ಯವಹಾರಕ್ಕೂ ಈ ನಕಲೇ ಆಧಾರ. ಪ್ರತಿ ಬಾರಿ ಮೂಲ ಪುಸ್ತಕ ಬಿಚ್ಚಿ ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ.

ನಕಲನ್ನು ಅದು ಬಳಸುವ ಬಗೆ ಬರೀ ಕೂಡುವ ಲೆಕ್ಕ. ಎರಡನೆಯ ಪಾಲು 10,26,048ನೇ ಸೆಕ್ಟರಿನಿಂದ ಶುರುವಾಗುತ್ತದೆ ಎಂದಿಟ್ಟುಕೊಳ್ಳೋಣ. ಯಾವುದೋ ಪ್ರೋಗ್ರಾಂ ಆ ಪಾಲಿನ 5,000ನೇ ಸೆಕ್ಟರ್ ಕೇಳುತ್ತದೆ. ಕರ್ನಲ್ ಎರಡನ್ನೂ ಕೂಡಿ 10,31,048ಕ್ಕೆ ಹೋಗಿ ತಂದುಕೊಡುತ್ತದೆ. ಬರೆಯುವಾಗಲೂ ಇದೇ ಲೆಕ್ಕ.

ಈಗ ಪಾಲು ಬಳಕೆಯಲ್ಲಿರುವಾಗಲೇ ಅದರ ಆರಂಭದ ಗಡಿಯನ್ನು ಯಾರೋ ಜರುಗಿಸಿದರು, ಕರ್ನಲ್ ಮರುಮಾತಿಲ್ಲದೆ ಹೊಸ ಪಟ್ಟಿ ಒಪ್ಪಿಕೊಂಡಿತು ಎನ್ನಿ. ಅರ್ಧ ಬರೆದ ಫೋಟೊದ ಉಳಿದರ್ಧ ಪಕ್ಕದ ಪಾಲಿನ ಮೇಲೆ ಹೋಗಿ ಬೀಳುತ್ತದೆ. ಡಿಸ್ಕಿಗೆ ಇನ್ನೂ ಇಳಿಯದೆ ನೆನಪಿನಲ್ಲೇ ಕಾಯುತ್ತಿರುವ ಬರಹವೂ ಇರುತ್ತದಲ್ಲ, ಅದೂ ತಪ್ಪು ಜಾಗಕ್ಕೆ ಇಳಿಯುತ್ತದೆ. ಉತ್ತ ಗದ್ದೆಯಲ್ಲಿ ಬೀಜ ಎರಚುತ್ತಿರುವಾಗಲೇ ಕಾಲಡಿಯ ಗದ್ದೆ ಸರಿದಂತೆ. ಎರಡು ಮನೆಯ ಬೆಳೆ ಒಟ್ಟಿಗೆ ಹಾಳು.

ಆದ್ದರಿಂದಲೇ ಲಿನಕ್ಸ್ ಕರ್ನಲ್ ಒಂದು ಪಟ್ಟು ಹಿಡಿಯುತ್ತದೆ. ಪಟ್ಟಿಯನ್ನು ಮತ್ತೆ ಪೂರ್ತಿ ಓದು ಎಂದು, ಡಿಸ್ಕ್ ಪಾಲು ಮಾಡುವ ಎಫ್‌ಡಿಸ್ಕ್‌ನಂಥ ಸಾಧನ ಕೇಳಿದಾಗ, ಆ ಡಿಸ್ಕಿನ ಒಂದೇ ಒಂದು ಪಾಲು ಬಳಕೆಯಲ್ಲಿದ್ದರೂ ಒಪ್ಪುವುದಿಲ್ಲ. ಜಗುಲಿಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಓಡುತ್ತಿದ್ದದ್ದೇ ಅದೇ ಡಿಸ್ಕಿನ ಇನ್ನೊಂದು ಪಾಲಿನಿಂದ. 'ಬಳಕೆಯಲ್ಲಿದೆ' ಎಂಬ ಉತ್ತರ ಬಂದದ್ದು ಅದಕ್ಕೆ. ಕೆಂಪು ಬಣ್ಣದಲ್ಲಿ ಕಾಣುವ ಈ ಸಾಲನ್ನು ಬಹಳ ಮಂದಿ ಯಂತ್ರ ಕೆಟ್ಟಿತೆಂದು ಓದಿಕೊಳ್ಳುತ್ತಾರೆ. ಮನೆಯವರ ಫೋಟೊಗಳನ್ನು ಕರ್ನಲ್ ಕಾಯುತ್ತಿರುವ ಹೊತ್ತು ಅದು. ಕಂಪ್ಯೂಟರು ತೋರಿಸುವ ಸಂದೇಶಗಳಲ್ಲಿ ಇಷ್ಟು ಒಳ್ಳೆಯದು ಬೇರೆ ಸಿಗುವುದು ಕಷ್ಟ.

"ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ" ಎಂಬ ರಿಪೇರಿ ಅಂಗಡಿಯ ಮಾತಿಗೂ ಇಲ್ಲಿ ಗಟ್ಟಿ ಕಾರಣವಿದೆ. ರೀಸ್ಟಾರ್ಟ್ ಆದಾಗ ಹಳೆಯ ನಕಲು ಅಳಿಸಿಹೋಗುತ್ತದೆ, ಕರ್ನಲ್ ಡಿಸ್ಕಿನಿಂದ ಹೊಸದಾಗಿ ಓದಿಕೊಳ್ಳುತ್ತದೆ. ಪೆನ್‌ಡ್ರೈವ್ ಕಿತ್ತು ಮತ್ತೆ ಚುಚ್ಚಿದಾಗ ಆಗುವುದೂ ಅದೇ.

ಇಡೀ ಪುಸ್ತಕ ಬೇಡ, ಒಂದು ಸಾಲು ಸಾಕು

ಆದರೆ ಎಲ್ಲ ಯಂತ್ರಗಳನ್ನೂ ಬೇಕೆಂದಾಗ ರೀಸ್ಟಾರ್ಟ್ ಮಾಡಲಾಗದು. ಆಸ್ಪತ್ರೆಯ, ಬ್ಯಾಂಕಿನ, ರೈಲು ಟಿಕೆಟಿನ ಸರ್ವರುಗಳು ನಿಲ್ಲುವಂತಿಲ್ಲ. ಅಂಥಲ್ಲಿ ಇನ್ನೊಂದು ದಾರಿಯಿದೆ. ಇಡೀ ಪಟ್ಟಿಯನ್ನು ಮತ್ತೆ ಓದು ಎನ್ನುವ ಬದಲು, ಬದಲಾದ ಸಾಲನ್ನಷ್ಟೇ ಕರ್ನಲ್ಲಿಗೆ ಹೇಳುವುದು. ಇಗೋ ಐದನೆಯ ಪಾಲು ಹೊಸದು, ಇಲ್ಲಿಂದ ಶುರು, ಇಷ್ಟು ಉದ್ದ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಒಂದು ನಮೂದು ಹಾಕಿದ ಹಾಗೆ. ಬಳಕೆಯಲ್ಲಿರುವ ಬೇರೆ ಪಾಲುಗಳನ್ನು ಯಾರೂ ಮುಟ್ಟುವುದಿಲ್ಲ.

ಲಿನಕ್ಸ್ ಬಳಸುವವರ ಬಾಯಲ್ಲಿ ಬರುವ ಪಾರ್ಟ್‌ಪ್ರೋಬ್, ಪಾರ್ಟ್‌ಎಕ್ಸ್ ಎಂಬ ಎರಡು ಆಜ್ಞೆಗಳು ಮಾಡುವುದು ಇದನ್ನೇ. ಸೇರಿಸುವುದು, ತೆಗೆಯುವುದು ಹಿಂದಿನಿಂದಲೂ ಸಾಧ್ಯವಿತ್ತು. ಬಳಕೆಯಲ್ಲಿರುವ ಪಾಲಿನ ಉದ್ದವನ್ನು ಹಿಗ್ಗಿಸುವ ಸೌಲಭ್ಯ ಬಂದದ್ದು 2012ರಲ್ಲಿ, ಕರ್ನಲ್ಲಿನ 3.6ನೇ ಆವೃತ್ತಿಯಲ್ಲಿ. ಆರಂಭದ ಗಡಿ ಇದ್ದಲ್ಲೇ ಇದ್ದು ಕೊನೆಯ ಗಡಿ ಮಾತ್ರ ಮುಂದೆ ಹೋದರೆ ಕೂಡುವ ಲೆಕ್ಕ ತಪ್ಪುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಎಫ್‌ಡಿಸ್ಕ್‌ನ ಹೊಸ ಆವೃತ್ತಿಗಳು ಈ ಸಾಲು ತಿದ್ದುವ ಕೆಲಸವನ್ನು ತಾವಾಗಿಯೇ ಮಾಡಿಬಿಡುತ್ತವೆ. ಹಳೆಯ ಲಿನಕ್ಸಿನಲ್ಲಿ ನಾವೇ ಹೇಳಬೇಕು.

ಕರ್ನಲ್ ಒಪ್ಪಿಕೊಂಡ ಮೇಲೂ ಊರಿಗೆ ಸುದ್ದಿ ಮುಟ್ಟಿಸಬೇಕಲ್ಲ. ಅದಕ್ಕೆ ಯುಡೆವ್ ಎಂಬ ಡಂಗುರದವನಿದ್ದಾನೆ. ಹೊಸ ಪಾಲು ಬಂತೆಂದು ಕರ್ನಲ್ ಹೇಳಿದೊಡನೆ ಅವನು ಅದರೊಳಗೆ ಇಣುಕಿ ಹೆಸರು ಮತ್ತು ಗುರುತಿನ ಸಂಖ್ಯೆ ಓದಿ ಎಲ್ಲ ಪ್ರೋಗ್ರಾಮುಗಳಿಗೂ ಸಾರುತ್ತಾನೆ. ಪರದೆಯ ಮೇಲೆ ಪೆನ್‌ಡ್ರೈವಿನ ಚಿತ್ರ ಮೂಡುವುದು ಆ ಡಂಗುರ ಕೇಳಿಯೇ. ಪಾಲಿನ ಕ್ರಮಸಂಖ್ಯೆ ಇಂದು ಮೂರು, ನಾಳೆ ನಾಲ್ಕಾಗಬಹುದು. ಉದ್ದನೆಯ ಗುರುತಿನ ಸಂಖ್ಯೆ ಹಾಗೆ ಜಾರುವುದಿಲ್ಲ. ಇಂದಿನ ಲಿನಕ್ಸ್‌ಗಳು ಅದನ್ನೇ ನೆಚ್ಚುವುದು ಈ ಕಾರಣಕ್ಕೆ.

ವಿಂಡೋಸ್ ಕೊಡುವ ಅಕ್ಷರ

ವಿಂಡೋಸಿನಲ್ಲೂ ಒಳಗಿನ ಕಥೆ ಇದೇ, ಹೊರಗಿನ ವೇಷ ಬೇರೆ. ಅಲ್ಲಿ ಒಂದು ಭಾಗ ಪಾಲುಗಳ ಲೆಕ್ಕ ಇಡುತ್ತದೆ, ಇನ್ನೊಂದು ಭಾಗ ಅವಕ್ಕೆ ಸಿ, ಡಿ, ಇ ಎಂಬ ಅಕ್ಷರ ಹಂಚುತ್ತದೆ. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋಗಿ ಎಷ್ಟೋ ಕಾಲವಾದರೂ ಹಾರ್ಡ್ ಡಿಸ್ಕ್ ಇಂದಿಗೂ ಸಿಯಿಂದಲೇ ಶುರು.

"ಡ್ರೈವ್ ಕಾಣ್ತಾನೇ ಇಲ್ಲ" ಎಂಬ ದೂರುಗಳಲ್ಲಿ ಕೆಲವು ಈ ಅಕ್ಷರದ ದೂರುಗಳು. ಪಾಲು ಇರುತ್ತದೆ, ವಿಂಡೋಸಿಗೆ ಅದು ಗೊತ್ತೂ ಇರುತ್ತದೆ, ಅಕ್ಷರ ಸಿಕ್ಕಿರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ರೀಸ್ಕ್ಯಾನ್ ಮಾಡಿ, ಆ ಪಾಲಿಗೊಂದು ಅಕ್ಷರ ಕೊಟ್ಟರೆ ಮುಗಿಯಿತು. ಪೆನ್‌ಡ್ರೈವಿನಲ್ಲಿ ಎರಡು ಪಾಲು ಮಾಡಿದರೆ ಹಳೆಯ ವಿಂಡೋಸ್ ಮೊದಲನೆಯದನ್ನಷ್ಟೇ ತೋರಿಸುತ್ತಿತ್ತು. 2017ರಲ್ಲಿ ವಿಂಡೋಸ್ 10ರ ಪರಿಷ್ಕರಣೆಯೊಂದು ಎಲ್ಲವನ್ನೂ ತೋರಿಸತೊಡಗಿತು.

ನಿಜವಾಗಿ ಹೆದರಬೇಕಾದದ್ದು ಇನ್ನೊಂದಕ್ಕೆ. ಲಿನಕ್ಸ್ ಪಾಲಿರುವ ಡಿಸ್ಕನ್ನು ವಿಂಡೋಸಿಗೆ ಚುಚ್ಚಿದಾಗ, ಅದರ ಲಿಪಿ ಓದಲು ಬಾರದೆ, 'ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂಬ ಚೌಕವೊಂದು ಎದ್ದುಬರಬಹುದು. ವಿಂಡೋಸಿಗೆ ಓದಲು ಬಾರದ್ದು ಬೇರೆ, ಡಿಸ್ಕ್ ಖಾಲಿ ಇರುವುದು ಬೇರೆ. ಗಡಿಬಿಡಿಯಲ್ಲಿ ಹೌದು ಎಂದು ಒತ್ತಿ ಮಕ್ಕಳ ಬಾಲ್ಯದ ಫೋಟೊಗಳನ್ನೆಲ್ಲ ಕಳೆದುಕೊಂಡವರಿದ್ದಾರೆ. ಆ ಚೌಕ ಬಂದರೆ ರದ್ದು ಮಾಡಿ, ಡಿಸ್ಕ್ ತೆಗೆದಿಟ್ಟು, ತಿಳಿದವರನ್ನು ಕೇಳಬೇಕು.

ಶಟ್‌ಡೌನ್ ಎಂಬ ಅರೆನಿದ್ದೆ

"ಪೂರ್ತಿ ಆಫ್ ಮಾಡಿ ಆನ್ ಮಾಡಿದೆ, ಆದ್ರೂ ಬರ್ಲಿಲ್ಲ" ಎನ್ನುವವರ ಮಾತನ್ನೂ ನಂಬಬೇಕು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಅದು ಚಾಲೂ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಾಗಿರುವುದಿಲ್ಲ. ತೆರೆದ ಪ್ರೋಗ್ರಾಮುಗಳೆಲ್ಲ ಮುಚ್ಚುತ್ತವೆ, ಆದರೆ ಕರ್ನಲ್ ತನ್ನ ನೆನಪನ್ನು ಒಂದು ಕಡತದಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಎದ್ದಾಗ ಆ ಕಡತ ಓದಿ ನಿನ್ನೆಯ ನೆನಪಿನಲ್ಲೇ ಕೆಲಸಕ್ಕೆ ಇಳಿಯುತ್ತದೆ. ಬೇಗ ಏಳುವುದೇನೋ ನಿಜ, ಹಳೆಯ ನೆನಪೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಓದಿಸುತ್ತದೆ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಇದು ಅಪಾಯದ ಜಾಗ. ರಾತ್ರಿ ವಿಂಡೋಸ್ ಹೀಗೆ ಮಲಗಿತು, ಅದೇ ರಾತ್ರಿ ಲಿನಕ್ಸಿನಿಂದ ವಿಂಡೋಸ್ ಪಾಲಿನ ಗಡಿ ತಿದ್ದಲಾಯಿತು, ಬೆಳಿಗ್ಗೆ ವಿಂಡೋಸ್ ಎದ್ದು ತನ್ನ ನೆನಪಿನ ಹಳೆಯ ಗಡಿಯ ಪ್ರಕಾರ ಬರೆಯತೊಡಗಿತು. ಹೀಗೆ ಮಲಗಿರುವ ವಿಂಡೋಸ್ ಪಾಲನ್ನು ಬರೆಯಲೆಂದು ತೆರೆಯಲು ಲಿನಕ್ಸಿನ ಎನ್‌ಟಿಎಫ್‌ಎಸ್-3ಜಿ ಒಪ್ಪದಿರುವುದು ಇದೇ ಕಾರಣಕ್ಕೆ.

ಈ ಎರಡು ಮನೆಯ ಸಂಸಾರ ಕನ್ನಡದ ಮಕ್ಕಳಿಗೆ ಹತ್ತಿರದ ವಿಷಯವೇ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲೇ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಲಿನಕ್ಸ್ ಮುಂದೆ ಕೂತೇ ಕಂಪ್ಯೂಟರ್ ಕಲಿಯುತ್ತಾರೆ. ಮನೆಗೆ ಬಂದರೆ ವಿಂಡೋಸ್. ಅದರ ಪಕ್ಕದಲ್ಲಿ ಶಾಲೆಯದನ್ನೂ ಹಾಕಿಕೊಳ್ಳಬೇಕೆಂದರೆ ಡಿಸ್ಕ್ ಪಾಲಾಗಲೇಬೇಕು. ಕರ್ನಾಟಕದ ಶಾಲೆಗಳಲ್ಲಿಯೂ ಇಂಥ ಪಾಠ ಇಷ್ಟು ವ್ಯವಸ್ಥಿತವಾಗಿ ಬರಬೇಕಿತ್ತು. ಯಂತ್ರದ ಒಳಗು ಕಂಡ ಮಗು ಎಚ್ಚರಿಕೆಯ ಸಾಲನ್ನು ಓದದೆ ಹೌದು ಎಂದು ಒತ್ತುವುದಿಲ್ಲ.

ಪಟ್ಟಿ ಹೋದರೆ ನೆಲ ಹೋಗುವುದಿಲ್ಲ

ಪಾಲನ್ನು ತಪ್ಪಿ ಅಳಿಸಿದರೆ? ಪಹಣಿ ಹರಿದರೂ ತೆಂಗಿನ ಮರ ಇದ್ದಲ್ಲೇ ಇರುತ್ತದೆ. ಪಟ್ಟಿಯ ಸಾಲು ಅಳಿಸಿದಾಗ ಒಳಗಿನ ಕಡತಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಅದರ ಮೇಲೆ ಹೊಸದೇನನ್ನೂ ಬರೆಯದೆ ತಕ್ಷಣ ಕೈ ತೆಗೆದರೆ, ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿದ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನ ಡಿಸ್ಕನ್ನೆಲ್ಲ ಜಾಲಾಡಿ, ಹಳೆಯ ಗಡಿಗಲ್ಲುಗಳ ಗುರುತು ಹಿಡಿದು, ಪಟ್ಟಿಯನ್ನು ಮತ್ತೆ ಕಟ್ಟಿಕೊಡಬಲ್ಲದು. ಎಸ್‌ಎಸ್‌ಡಿಗಳಲ್ಲಿ ಮಾತ್ರ ಅಷ್ಟು ಧೈರ್ಯ ಸಲ್ಲದು. ಬಿಟ್ಟ ಜಾಗವನ್ನು ಅವು ತಾವಾಗಿಯೇ ಗುಡಿಸಿಹಾಕುವುದುಂಟು.

ಕರಾವಳಿಯ ಮಳೆಗಾಲಕ್ಕೆಂದೇ ಒಂದು ಮಾತು ಹೇಳಬೇಕು. ಪಾಲಿನ ಕೊನೆ ಹಿಗ್ಗಿಸುವುದು ಕ್ಷಣದ ಕೆಲಸ. ಆರಂಭವನ್ನೇ ಸರಿಸುವುದಾದರೆ ಒಳಗಿನ ಒಂದೊಂದು ಕಡತವನ್ನೂ ಹೊತ್ತು ಹೊಸ ಜಾಗಕ್ಕೆ ಇಡಬೇಕು. ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಗಾಳಿಗೆ ಮರ ಬಿದ್ದು ನಡುವೆ ಕರೆಂಟು ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ. ಬ್ಯಾಟರಿ ಗಟ್ಟಿಯಿಲ್ಲದ ಲ್ಯಾಪ್‌ಟಾಪಿನಲ್ಲಿ ಆ ಕೆಲಸ ದೀಪಾವಳಿವರೆಗೆ ಕಾಯಲಿ. ಯಾವಾಗ ಮಾಡಿದರೂ ಮೊದಲು ಇನ್ನೊಂದು ಡಿಸ್ಕಿಗೆ ನಕಲು ತೆಗೆದಿರಲಿ.

ಗಡಿ ಸರಿಯಿತು, ಜಾಗ ಹೆಚ್ಚಲಿಲ್ಲ

ಹಟ್ಟಿಕೇರಿಯ ಜಗುಲಿಯಲ್ಲಿ ಮಗಳು ಪಾರ್ಟ್‌ಪ್ರೋಬ್ ಎಂದು ಟೈಪಿಸುತ್ತಾಳೆ. ಈ ಸಲ ತಕರಾರಿಲ್ಲ. ಪಾಲುಗಳ ಪಟ್ಟಿ ತರಿಸಿದರೆ ಫೋಟೊಗಳಿರುವ ಮೂರನೆಯ ಪಾಲು 100 ಜಿಬಿ ಬೆಳೆದು ಕೂತಿದೆ. ಎರಡೂ ಪುಸ್ತಕಗಳು ಈಗ ಒಂದೇ ಮಾತಾಡುತ್ತಿವೆ.

ಅಪ್ಪ ಫೋಟೊಗಳ ಫೋಲ್ಡರ್ ತೆರೆದು ನೋಡುತ್ತಾನೆ. ಖಾಲಿ ಜಾಗ ಮೊದಲಿನಷ್ಟೇ!

ಕಾರಣವಿದೆ. ಪಾರ್ಟಿಶನ್ ಎಂಬುದು ಹೊರಗಿನ ಗಡಿ. ಅದರೊಳಗೆ ಯಾವ ಕಡತ ಎಲ್ಲಿ ಎಂದು ಅಚ್ಚುಕಟ್ಟಾಗಿ ಇಡುವುದು ಕಡತ ವ್ಯವಸ್ಥೆ, ಫೈಲ್ ಸಿಸ್ಟಮ್. ಪಕ್ಕದ ಬೀಳು ತಮ್ಮದೆಂದು ಪಹಣಿಗೆ ಏರಿದ ಮಾತ್ರಕ್ಕೆ ಅಲ್ಲಿ ಭತ್ತ ಬೆಳೆಯುವುದಿಲ್ಲ. ಹಳೆಯ ಗದ್ದೆಯ ಹಾಳಿಯನ್ನು ಹೊಸ ನೆಲಕ್ಕೂ ಹಾಕಿ ನೀರು ಹಾಯಿಸಬೇಕು. ಲಿನಕ್ಸಿನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಆ ಕೆಲಸ ರೀಸೈಜ್‌2ಎಫ್‌ಎಸ್ ಎಂಬ ಆಜ್ಞೆಯದು, ಪಾಲು ಬಳಕೆಯಲ್ಲಿರುವಾಗಲೇ ಮಾಡಬಹುದು.

ಅದನ್ನೂ ಟೈಪಿಸುತ್ತಾಳೆ. ಕೆಲವೇ ಸೆಕೆಂಡು. ಅಪ್ಪ ಇನ್ನೊಮ್ಮೆ ಫೋಲ್ಡರ್ ತೆರೆಯುತ್ತಾನೆ, ಅಂಕಿ ಬದಲಾಗಿದೆ. ಹೊರಗೆ ಮಳೆ ನಿಂತಿಲ್ಲ. ಫೋನಿನಲ್ಲಿ ತುಂಬಿಕೊಂಡಿರುವ ಬಂಡಿ ಹಬ್ಬದ ವಿಡಿಯೊಗಳನ್ನು ಇಳಿಸಲು ಅವನು ಕೇಬಲ್ ಹುಡುಕುತ್ತಿದ್ದಾನೆ.